ಗಾಳಿ ಬರುವ ದಾರಿ

ಕನಮಡಿಯ ಸಾಲಿಯಲ್ಲಿ ಐದನೇ ಇಯತ್ತೆ ಓದುವಾಗ ನಮ್ಮನ್ನೆಲ್ಲ ಒಂದು ಟೆಂಪೋದಲ್ಲಿ ಹೇರಿಕೊಂಡು ಗೋಳಗುಮ್ಮಟ ತೋರಿಸಲು ಒಯ್ದಿದ್ದರು. ಮೂಲೆಯ ಮಿನಾರದ ಸುತ್ತುಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದೆವು. ಗೆಳೆಯನೊಬ್ಬ ಆಚೆ ಬದಿಯ ಗೋಡೆಗೆ ಬಾಯಿ ಹಚ್ಚಿ, "ನಿನ್ನ ಬುತ್ತಿ ನಾ ತಿಂದೇನಿ" ಅಂದ. ನಡುವೆ ನೂರಿಪ್ಪತ್ತು ಅಡಿಗೂ ಮಿಕ್ಕಿದ ಬಯಲು. ಮಾತು ಮಾತ್ರ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸಿತು. ಕೆಳಗಿಳಿದು ಚೀಲ ಬಿಚ್ಚಿ ನೋಡಿದರೆ ನಿಜವಾಗಿಯೂ ತಿಂದಿದ್ದ.

ಆ ಪಿಸುಮಾತನ್ನು ಇಪ್ಪತ್ತೈದು ವರ್ಷ ತಲೆಯಲ್ಲಿ ಇಟ್ಟುಕೊಂಡು ಕೊನೆಗೆ ಒಂದು ಕಟ್ಟಡ ಕೆಡಿಸಿದೆ.

ನಾನು ಆರ್ಕಿಟೆಕ್ಟ್. ನಮ್ಮ ಸೀಮೆಯದೇ ಒಂದು ವಿಜ್ಞಾನ ಕ್ಯಾಂಪಸ್ಸಿನವರು ಹೊಸ ಕಟ್ಟಡ ಬೇಕೆಂದು ಕರೆದರು. ಹೆಸರು ಬೇಡ, ತಪ್ಪು ನನ್ನದು. ರಸಾಯನಶಾಸ್ತ್ರ, ಭೌತಶಾಸ್ತ್ರ, ಜೈವಿಕ ತಂತ್ರಜ್ಞಾನದವರು, ಜೊತೆಗೆ ಹೊಸದಾಗಿ ಸ್ಟಾರ್ಟಪ್ ತೆಗೆದ ಹುಡುಗರು, ಎಲ್ಲರೂ ಒಂದೇ ಸೂರಿನಡಿ ಕೆಲಸ ಮಾಡಬೇಕು, ದುಬಾರಿ ಯಂತ್ರಗಳನ್ನು ಹಂಚಿಕೊಳ್ಳಬೇಕು. ಕಲ್ಪನೆ ಒಳ್ಳೆಯದೇ. ನಾನು ಎದ್ದು ನಿಂತು, ನಡುವೆ ಮೂರು ಅಂತಸ್ತಿನ ಬಯಲಂಗಳ, ಮೇಲೆ ಗಾಜಿನ ಗುಮ್ಮಟ, ಸುತ್ತಲೂ ಗ್ಯಾಲರಿ, ಗ್ಯಾಲರಿಯ ಅಂಚಿಗೆ ಗಾಜಿನ ಗೋಡೆಯ ಲ್ಯಾಬುಗಳು ಎಂದು ಚಿತ್ರ ತೋರಿಸಿದೆ. "ಒಂದು ಲ್ಯಾಬಿನಲ್ಲಿ ಪಿಸುಗುಟ್ಟಿದ ವಿಚಾರ ಇನ್ನೊಂದು ಲ್ಯಾಬಿಗೆ ಕೇಳಿಸಬೇಕು, ಗೋಳಗುಮ್ಮಟದ ಹಾಗೆ" ಅಂದೆ. ಚಪ್ಪಾಳೆ ಬಿತ್ತು. ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಸಮಾಧಿ, ಅಲ್ಲಿ ಯಾರೂ ದಿನಕ್ಕೆ ಎಂಟು ತಾಸು ಆ್ಯಸಿಡ್ ಕಾಯಿಸುವುದಿಲ್ಲ ಎನ್ನುವುದು ಆಗ ನನಗೂ ಹೊಳೆಯಲಿಲ್ಲ, ಚಪ್ಪಾಳೆ ತಟ್ಟಿದವರಿಗೂ ಹೊಳೆಯಲಿಲ್ಲ.

ಓದಿಕೊಂಡಿರಲಿಲ್ಲ ಅಂತಲ್ಲ. ಅಮೆರಿಕದ ಎಂಐಟಿಯ 'ಬಿಲ್ಡಿಂಗ್ 20' ಬಗ್ಗೆ ನನ್ನ ಸ್ಲೈಡುಗಳಲ್ಲಿ ಎರಡು ಪುಟವಿತ್ತು. 1943ರಲ್ಲಿ ಯುದ್ಧದ ಅವಸರಕ್ಕೆ ಕಟ್ಟಿಗೆಯಲ್ಲಿ ಕಟ್ಟಿದ್ದು, ತಾತ್ಕಾಲಿಕ ಅಂತ ಎಬ್ಬಿಸಿದ್ದು 1998ರವರೆಗೆ ನಿಂತಿತು. ರಡಾರ್ ಸಂಶೋಧಕರಿಂದ ಹಿಡಿದು ಭಾಷಾಶಾಸ್ತ್ರಜ್ಞರವರೆಗೆ ಎಲ್ಲರೂ ಅಲ್ಲಿ ಪಕ್ಕಪಕ್ಕದಲ್ಲಿ ಕೂತಿದ್ದರು. ಆದರೆ ಅದು ಫಲ ಕೊಟ್ಟದ್ದು ಹೇಗೆ? ಬೇಕೆಂದಲ್ಲಿ ಗೋಡೆ ಕೊರೆದು ವೈರ್ ಎಳೆದರೂ ಯಾರೂ ಬೈಯುತ್ತಿರಲಿಲ್ಲ. ನಾನು ಕಟ್ಟಿದ್ದು ಗ್ರಾನೈಟು, ಗಾಜು. ಒಂದು ಮೊಳೆ ಹೊಡೆಯಬೇಕಾದರೂ ಎಸ್ಟೇಟ್ ವಿಭಾಗಕ್ಕೆ ಅರ್ಜಿ ಬರೆಯಬೇಕು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಕೆಲಸ ಅರ್ಧ ಆದಾಗ ದುಡ್ಡು ಕಡಿಮೆ ಬಿತ್ತು. ಏನಾದರೂ ಕೈಬಿಡಲೇಬೇಕು. ಎರಡು ದಾರಿ ಇದ್ದವು. ಗಾಜಿನ ಗುಮ್ಮಟ ಬಿಟ್ಟು ಮಾಮೂಲಿ ಆರ್‌ಸಿಸಿ ಸ್ಲ್ಯಾಬ್ ಹಾಕುವುದು. ಇಲ್ಲವೇ ಲ್ಯಾಬುಗಳಿಗೆ ಹೊರಗಿನ ಗಾಳಿ ತಂದುಕೊಡುವ ಫ್ಯಾನು, ಡಕ್ಟುಗಳನ್ನು ಸದ್ಯಕ್ಕೆ ಬಿಡುವುದು. ರಸಾಯನ ಲ್ಯಾಬಿನಲ್ಲಿ ಫ್ಯೂಮ್ ಹುಡ್ ಅಂತ ಇರುತ್ತದೆ. ಗಾಜಿನ ಬಾಗಿಲ ಗೂಡು, ಒಳಗಿನ ವಿಷದ ಹೊಗೆಯನ್ನು ಫ್ಯಾನು ಎಳೆದು ಮಾಳಿಗೆಯಿಂದ ಹೊರಗೆ ಚೆಲ್ಲುತ್ತದೆ. ಆರು ಅಡಿಯ ಒಂದು ಹುಡ್ ನಿಮಿಷಕ್ಕೆ ಸುಮಾರು 1,000 ಘನ ಅಡಿ ಗಾಳಿ ಎಳೆಯುತ್ತದೆ. ನಮ್ಮಲ್ಲಿ ಎಂಟು ಇದ್ದವು. ಹೋದಷ್ಟೇ ಗಾಳಿ ಒಳಗೂ ಬರಬೇಕಲ್ಲ? ಎಸಿ ಕನ್ಸಲ್ಟಂಟ್ ಇದನ್ನು ಸಭೆಯಲ್ಲೇ ಹೇಳಿದರು. ನಾನು, "ಕಿಟಕಿ ಇದ್ದಾವಲ್ಲ. ಡಕ್ಟು ಎರಡನೇ ಹಂತದಲ್ಲಿ ಹಾಕಿಸೋಣ" ಅಂದೆ. ಕಿಟಕಿ ಇದ್ದವು, ತೆರೆಯುತ್ತಿರಲಿಲ್ಲ. ಹೊರಗಿನಿಂದ ಸಪಾಟಾಗಿ ಕಾಣಲಿ ಅಂತ ಗಾಜನ್ನು ನಾನೇ ಫಿಕ್ಸ್ ಮಾಡಿಸಿದ್ದೆ. ಆ ಸಭೆಯಲ್ಲಿ ಗುಮ್ಮಟ ಉಳಿಯಿತು.

ಉದ್ಘಾಟನೆ ಚೆನ್ನಾಗೇ ಆಯಿತು. ಮೊದಲು ಗೊಣಗಿದ್ದು ಸ್ಟಾರ್ಟಪ್ಪಿನವರು. ಹೊಸದೇನಾದರೂ ಕಂಡುಹಿಡಿದರೆ ಅರ್ಜಿ ಹಾಕುವ ಮೊದಲೇ ಅದು ಬಯಲಾದರೆ ಪೇಟೆಂಟ್ ಕೈತಪ್ಪುವ ಭಯ ಅವರಿಗೆ. ನಾನು ಅವರನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದೆ. ಒಂದು ತಿಂಗಳಲ್ಲಿ ಗಾಜಿಗೆಲ್ಲ ಹಳೇ ಪೇಪರು ಅಂಟಿದವು. ಅಂಗಳದಲ್ಲಿ ಯಾರಾದರೂ ಸೀನಿದರೂ ಮೂರನೇ ಮಹಡಿಯಲ್ಲಿ ಕೇಳುತ್ತಿತ್ತು, ಹಾಗಾಗಿ ಫೋನ್ ಬಂದರೆ ಹೊರಗೋಡಿ ಬೇವಿನ ಗಿಡದ ಕೆಳಗೆ ನಿಂತು ಮಾತಾಡುತ್ತಿದ್ದರು. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಬಾಗಿಲುಗಳು ಬಿಗಿಯತೊಡಗಿದವು. ಎಂಟೂ ಹುಡ್ ಶುರುವಾದರೆ ಒಳಗೆ ಗಾಳಿ ಸಾಲದೆ ಲ್ಯಾಬಿನ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ವಯಸ್ಸಾದ ಲ್ಯಾಬ್ ಅಟೆಂಡರ್ ಒಂದು ಕಾಲನ್ನು ಗೋಡೆಗೆ ಒತ್ತಿ, ಎರಡೂ ಕೈಯಿಂದ ಹಿಡಿಕೆ ಜಗ್ಗುತ್ತಿದ್ದರು. ಎಲ್ಲೆಲ್ಲಿ ಸಂದು ಇತ್ತೋ ಅಲ್ಲಿಂದ ಎರಿ ಹೊಲದ ಕಪ್ಪು ಧೂಳು ಒಳಗೆ ಸೇದಿಕೊಂಡು ಬಂದು ಸೂಕ್ಷ್ಮ ತಕ್ಕಡಿಗಳ ಮೇಲೆ ಕೂರುತ್ತಿತ್ತು. "ಗ್ರೀಸ್ ಹಾಕಿಸಿ" ಅಂತ ಫೋನಿನಲ್ಲಿ ಹೇಳಿದ್ದೆ. ಬಾಗಿಲಿಗೆ ಗ್ರೀಸ್!

ಒಂದು ಮಧ್ಯಾಹ್ನ ಯಾರೋ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಕರಗಿಸುತ್ತಿದ್ದರು. ಕಂದು ಹೊಗೆ ಎದ್ದಿತು. ಎಳೆಯಲು ಗಾಳಿ ಸಾಲದ ಹುಡ್ ಅದನ್ನು ನುಂಗುವ ಬದಲು ಉಗುಳಿತು. ಯಾರೋ ಬಾಗಿಲು ಜಗ್ಗಿ ತೆರೆದರು. ಹೊಗೆ ಗ್ಯಾಲರಿಗೆ, ಗ್ಯಾಲರಿಯಿಂದ ಅಂಗಳಕ್ಕೆ, ಅಲ್ಲಿಂದ ನನ್ನ ಗುಮ್ಮಟದ ತನಕ ಹೋಯಿತು. ಎಲ್ಲ ಲ್ಯಾಬುಗಳೂ ಹಂಚಿಕೊಂಡದ್ದು ಅವತ್ತು ಅದೊಂದನ್ನೇ. ಮಕ್ಕಳನ್ನೆಲ್ಲ ಹೊರಗೆ ಕಳಿಸಿದರು. ಇಬ್ಬರು ಸಂಜೆವರೆಗೆ ಕೆಮ್ಮುತ್ತಿದ್ದರಂತೆ. ಯಾರಿಗೂ ಹೆಚ್ಚಿನದೇನೂ ಆಗಲಿಲ್ಲ ಎಂದು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಆಗಬಹುದಿತ್ತು.

ಆ ವಾರವೇ ಊರಿಗೆ ಹೋದೆ. ಮಾರ್ಚ್ ತಿಂಗಳು, ಮಣೂಕದ, ಅಂದರೆ ಒಣದ್ರಾಕ್ಷಿಯ, ಸುಗ್ಗಿ. ಕಾಕಾ ಶೆಡ್ಡಿನಲ್ಲಿದ್ದ. ನಮ್ಮ ಕಡೆ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ತಗಡಿನ ಸೂರಿನಡಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರವುತ್ತಾರೆ. ಸುಮಾರು ಹದಿನೈದು ದಿನ ನೆರಳಲ್ಲೇ ಒಣಗಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಉಳಿದ ಮೂರು ಕಿಲೋ ನೀರನ್ನು ಹೊತ್ತೊಯ್ಯುವುದು ಗಾಳಿ. ಅದಕ್ಕೇ ಶೆಡ್ಡಿಗೆ ಗೋಡೆಯೇ ಇಲ್ಲ, ಮಳೆ ಬಂದರೆ ಇಳಿಬಿಡಲು ತಾಡಪತ್ರಿ ಅಷ್ಟೇ. ಕಾಕಾನ ಶೆಡ್ಡಿನಲ್ಲಿ ಸುತ್ತಲಿನ ಮೂವರ ಹಣ್ಣೂ ಇತ್ತು. ಕಂಬಕ್ಕೆ ಸುಣ್ಣದಲ್ಲಿ ಅವರವರ ಗುರುತು.

ನಡೆದದ್ದನ್ನೆಲ್ಲ ಹೇಳಿದೆ. ಕಾಕಾ ಬಲೆಯ ಮೇಲಿನ ಹಣ್ಣು ಕೈಯಿಂದ ಸರಿಸುತ್ತಲೇ ಕೇಳಿದ.

"ಗಾಳಿ ಹೋಗೂ ದಾರಿ ಮಾಡಿದಿ. ಬರೂ ದಾರಿ ಎಲ್ಲೈತಿ?"

"ಮುಂದ ಮಾಡೂಣಂತ ಬಿಟ್ಟಿದ್ವಿ ಕಾಕಾ."

"ಮುಂದ ಅಂದ್ರ? ಹಣ್ಣು ಹಾಕಿದ ಮ್ಯಾಲೆ ಶೆಡ್ ತಿರಿವಿ ಕಟ್ಟಾಕ ಬರತೈತೇನು?" ಸ್ವಲ್ಪ ತಡೆದು ಮತ್ತೆ ಅಂದ: "ನಾ ಗಂಧಕದ ಹೊಗಿ ಹಾಕೂ ಮುಂದ ಮೂರೂ ಮಂದೀನ ಕೇಳ್ತೀನಿ. ನನ್ನ ಹೊಗಿ ಅವರ ಹಣ್ಣಿಗೂ ಬಡಿತೈತಿ. ನೀ ಅಲ್ಲಿ ಯಾರನ್ನ ಕೇಳಿದ್ದಿ?"

ನಾನು ಕೇಳಿದ್ದು ಕುಲಪತಿಗಳನ್ನು, ವಿಭಾಗದ ಮುಖ್ಯಸ್ಥರನ್ನು. ಕಾಲು ಗೋಡೆಗೆ ಒತ್ತಿ ಬಾಗಿಲು ಜಗ್ಗುತ್ತಿದ್ದ ಅಟೆಂಡರ್ ಹೆಸರು ನನಗೆ ಹೊಗೆ ಹೊರಬಿದ್ದ ಮೇಲೆ ಗೊತ್ತಾಯಿತು. ಅವರು ಮೊದಲ ವಾರದಿಂದಲೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು: 'ಬಾಗಿಲು ಬರುವುದಿಲ್ಲ.' ಹನ್ನೊಂದು ಸಲ.

ಆಮೇಲೆ ಬೆಂಗಳೂರಿನ ಸಿ-ಕ್ಯಾಂಪ್ ನೋಡಲು ಹೋದೆ. 2009ರಲ್ಲಿ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಆವರಣದಲ್ಲಿ ಶುರುವಾದ ಸಂಸ್ಥೆ ಅದು. ತಾವೇ ಕೊಳ್ಳಲಾಗದ ಯಂತ್ರಗಳನ್ನು ಹೊರಗಿನ ವಿಜ್ಞಾನಿಗಳೂ ಸ್ಟಾರ್ಟಪ್ಪಿನವರೂ ಶುಲ್ಕ ಕೊಟ್ಟು ಬಳಸುತ್ತಾರೆ. ನಾನು ಹೋದದ್ದು ಕಟ್ಟಡ ನೋಡಲು, ನೋಡುತ್ತ ನಿಂತದ್ದು ಯಂತ್ರ ನಡೆಸುವ ಜನರನ್ನು. ನನ್ನ ನಕ್ಷೆಯಲ್ಲಿ ಅಂಥವರಿಗೆ ಒಂದು ಕುರ್ಚಿಯೂ ಇರಲಿಲ್ಲ.

ಡಕ್ಟು ಕೊನೆಗೂ ಬಂತು, ಎರಡು ವರ್ಷ ತಡವಾಗಿ, ಮೊದಲೇ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿಗಿಂತ ಹೆಚ್ಚು ಖರ್ಚಿನಲ್ಲಿ. ಆ ಕೆಲಸಕ್ಕೆ ನಾನು ಫೀ ತೆಗೆದುಕೊಳ್ಳಲಿಲ್ಲ, ಅದೇನು ದೊಡ್ಡಸ್ತಿಕೆಯಲ್ಲ. ಒಳಗೆ ಜಾಗ ಬಿಟ್ಟಿರಲಿಲ್ಲವಾದ್ದರಿಂದ ತಗಡಿನ ದಪ್ಪ ಕೊಳವೆಗಳು ಗ್ರಾನೈಟಿನ ಗೋಡೆಯ ಹೊರಗಿನಿಂದಲೇ ಮೂರು ಮಹಡಿ ಹತ್ತಿವೆ. ಹುಡುಗರು ಅದನ್ನು ಸೊಂಡಿಲು ಅನ್ನುತ್ತಾರೆ. ಕ್ಯಾಂಪಸ್ಸಿನ ಕ್ಯಾಲೆಂಡರಿಗೆ ಫೋಟೋ ತೆಗೆಯುವವರು ಆ ಬದಿಗೆ ಹೋಗುವುದಿಲ್ಲ. ನನ್ನ ಆಫೀಸಿನ ಗೋಡೆಗೆ ತೂಗುಹಾಕಿರುವುದು ಆ ಬದಿಯ ಫೋಟೋ.