ಎರಡನೇ ಸ್ಲಾಟ್

ರೇಡಿಯಾನ್ ಎಚ್‌ಡಿ 5770 ಗ್ರಾಫಿಕ್ಸ್ ಕಾರ್ಡಿನಲ್ಲಿ 800 ಸ್ಟ್ರೀಮ್ ಪ್ರೊಸೆಸರ್. ಅದರ ಮೇಲಿನ ಎಚ್‌ಡಿ 5870ರಲ್ಲಿ 1600. ಮೆಮೊರಿಯ ದಾರಿ ಒಂದರಲ್ಲಿ 128 ಬಿಟ್, ಇನ್ನೊಂದರಲ್ಲಿ 256. 2009ರಲ್ಲಿ ಇವು ಬಿಡುಗಡೆಯಾದಾಗ ಚಿಕ್ಕದಕ್ಕೆ 159 ಡಾಲರ್, ದೊಡ್ಡದಕ್ಕೆ 379. ಎರಡು ಚಿಕ್ಕವು ಸೇರಿದರೆ ಒಂದು ದೊಡ್ಡದು, ಮೇಲೆ 61 ಡಾಲರ್ ಉಳಿತಾಯ. ಎಲೆಕ್ಟ್ರಾನಿಕ್ಸ್ ಓದಿ ಡಿಗ್ರಿ ತೊಗೊಂಡಿದ್ದ ನನಗೆ ಈ ಲೆಕ್ಕದಲ್ಲಿ ಎಲ್ಲಿಯೂ ತೂತು ಕಾಣಲಿಲ್ಲ.

ಪೂರ್ತಿ 5870 ಕೊಳ್ಳುವ ಶಕ್ತಿ ಆಗ ಇರಲಿಲ್ಲ. ನೌಕರಿ ಸೇರಿದ ಹೊಸತು, 2010. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ: ಕೋರ್ ಐ5-750, ಪಿ55 ಚಿಪ್‌ಸೆಟ್‌ನ ಮದರ್‌ಬೋರ್ಡ್, ಒಂದು 5770. ಬೋರ್ಡಿನ ಡಬ್ಬಿಯ ಮೇಲೆ ‘ಕ್ರಾಸ್‌ಫೈರ್‌ಎಕ್ಸ್’ ಎಂದು ಮುದ್ರೆ ಇತ್ತು, ಅಂದರೆ ಎರಡು ಕಾರ್ಡು ಜೋಡಿಸಬಹುದು. ಒಳಗೆ ಉದ್ದನೆಯ ಸ್ಲಾಟ್‌ಗಳು ಎರಡು. ಈಗ ಒಂದು ಹಾಕೋಣ, ಮುಂದೆ ಕೈಯಾಗ ರೊಕ್ಕ ಬಂದಾಗ ಇನ್ನೊಂದು. ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಡಬ್ಬಿ, ಯಾವುದು ಹಾಕಲಿ ಎಂದು ಅಂಗಡಿಯವರು ಕೇಳಿದಾಗ, ಕ್ಯಾಬಿನೆಟ್ ಜೊತೆ ಬಂದದ್ದೇ ಇರಲಿ ಅಂದೆ. 450 ವ್ಯಾಟ್ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಸಾಕಲ್ಲವೇ?

ಎರಡು ಕಾರ್ಡಿನ ಹುಚ್ಚು ಹೊಸದೇನಲ್ಲ. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡುಗಳನ್ನು ಜೋಡಿಯಾಗಿ ಹಾಕುತ್ತಿದ್ದರು. ಪರದೆಯ ಒಂದು ಗೆರೆ ಈ ಕಾರ್ಡಿನದು, ಮುಂದಿನ ಗೆರೆ ಆ ಕಾರ್ಡಿನದು. ಆ ಕಂಪನಿಯ ತಂತ್ರಜ್ಞಾನವನ್ನು ಕೊಂಡ ಎನ್‌ವಿಡಿಯಾ 2004ರಲ್ಲಿ ಎಸ್‌ಎಲ್‌ಐ ಎಂಬ ಹೆಸರನ್ನು ಮತ್ತೆ ತಂದಿತು, 2005ರಲ್ಲಿ ಎಟಿಐ ಕ್ರಾಸ್‌ಫೈರ್ ತಂದಿತು. ವಿದ್ಯಾನಗರದ ನಮ್ಮ ಬಳಗದಲ್ಲಿ ಯಾರೂ ಜೋಡಿ ಕಾರ್ಡನ್ನು ಕಣ್ಣಾರೆ ಕಂಡವರಲ್ಲ. ಹಾಗಾಗಿ ಅದರ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇತ್ತು.

2012ರ ಹೊತ್ತಿಗೆ ಹೊಸ ಮಾನಿಟರ್ ಬಂತು, ಸ್ಕೈರಿಮ್ ಆಟ ಬಂದಿತ್ತು, ಬ್ಯಾಟಲ್‌ಫೀಲ್ಡ್ 3 ಬಂದಿತ್ತು. ಒಂಟಿ 5770 ಏದುಸಿರು ಬಿಡತೊಡಗಿತು. ಇದನ್ನು ಮಾರಿ, ಮೇಲೆ ಹತ್ತು ಸಾವಿರ ಹಾಕಿ ಎಚ್‌ಡಿ 7850 ತರುವುದು ಒಂದು ದಾರಿ. ನಾಲ್ಕೂವರೆ ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ 5770 ತಂದು ಖಾಲಿ ಸ್ಲಾಟ್ ತುಂಬುವುದು ಇನ್ನೊಂದು. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಸಿಕ್ಕಿತು, ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. (ಲ್ಯಾಮಿಂಗ್ಟನ್ ರೋಡ್ ನಮ್ಮ ಹುಬ್ಬಳ್ಳಿಯಲ್ಲೂ ಇದೆ. ಲಾರ್ಡ್ ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ ಮುಂಬೈ ಪ್ರಾಂತದ ಗವರ್ನರ್. ಅಲ್ಲಿಯ ರಸ್ತೆಯಲ್ಲಿ ಸಿಗುವ ಸಾಮಾನು ಇಲ್ಲಿಯ ರಸ್ತೆಯಲ್ಲಿ ಸಿಗುವುದಿಲ್ಲ, ಅದು ಬೇರೆ ಮಾತು.)

ಹೊಸ ಕಾರ್ಡಿಗೂ ಆರು ಪಿನ್ನಿನ ಕರೆಂಟ್ ವೈರ್ ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಒಂದೇ. ಹಾರ್ಡ್ ಡಿಸ್ಕಿಗೆ ಹೋಗುವ ವೈರನ್ನು ಆರು ಪಿನ್ನಿಗೆ ತಿರುಗಿಸುವ ಅಡಾಪ್ಟರ್ ತಂದು ಚುಚ್ಚಿದೆ. ಎರಡರ ನೆತ್ತಿಗೂ ಸೇರಿಸಿ ಬ್ರಿಜ್ ಪಟ್ಟಿ ಹಾಕಿದೆ. ಮೇಲಿನ ಕಾರ್ಡಿನ ಫ್ಯಾನಿಗೂ ಕೆಳಗಿನ ಕಾರ್ಡಿನ ಬೆನ್ನಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಉಳಿಯಿತು. ಸ್ಕೈರಿಮ್ ಹಚ್ಚಿದೆ. ಮೂಲೆಯಲ್ಲಿ ಓಡುವ ಹಳದಿ ಅಂಕಿ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಹೇಳುವುದು, 34 ಇದ್ದದ್ದು 58 ಆಯಿತು. ಗೆಳೆಯರಿಗೆಲ್ಲ ಫೋನ್ ಮಾಡಿದೆ.

ಗದಗಿನಿಂದ ಕಾಕಾನ ಮಗ ರಜೆಗೆ ಬಂದಿದ್ದ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವನು ಸ್ವಲ್ಪ ಹೊತ್ತಿಗೆ ಕೇಳಿದ: “ಅಣ್ಣಾ, ಇದು ಯಾಕ ಹಿಂಗ ಜಗ್ಗಾಡತೈತಿ?”

“ಎಲ್ಲಿ ಜಗ್ಗಾಡತೈತಿ? ಮ್ಯಾಲೆ ನೋಡು, 58 ಐತಿ.”

“ನಾ ಅಂಕಿ ನೋಡಾಕ ಹತ್ತಿಲ್ಲ. ಗುಡ್ಡ ನೋಡಾಕ ಹತ್ತೇನಿ.”

ಗುಡ್ಡ ಜಗ್ಗಾಡುತ್ತಿತ್ತು. ಮೌಸ್ ತಿರುಗಿಸಿದಾಗ ಇಡೀ ಬೆಟ್ಟಸಾಲು ನುಣ್ಣಗೆ ಸರಿಯುವ ಬದಲು ಸಣ್ಣಸಣ್ಣದಾಗಿ ಮುಗ್ಗರಿಸುತ್ತಿತ್ತು. ನನಗೂ ಕಂಡಿತ್ತು, ಆದರೆ ಅಂಕಿ ಒಪ್ಪುತ್ತಿರಲಿಲ್ಲ. ಎರಡು ಕಾರ್ಡುಗಳು ಕೆಲಸ ಹಂಚಿಕೊಳ್ಳುವ ರೀತಿಯಲ್ಲೇ ಇದರ ಕಾರಣ ಇದೆ. ಒಂದು ಚಿತ್ರವನ್ನು ಇದು ಬಿಡಿಸಿದರೆ ಮುಂದಿನದನ್ನು ಅದು. ಸೆಕೆಂಡಿಗೆ 60 ಚಿತ್ರ ಎಂದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್ ಸಿಗಬೇಕು. ಎರಡೂ ಕಾರ್ಡುಗಳ ಹೆಜ್ಜೆ ಕೂಡದಿದ್ದರೆ ಒಂದು ಚಿತ್ರ 5 ಮಿಲಿಸೆಕೆಂಡಿಗೆ ಬರುತ್ತದೆ, ಮುಂದಿನದು 28ಕ್ಕೆ. ಸರಾಸರಿ ತೆಗೆದರೆ ಅದೇ ಅರವತ್ತು. ಕಣ್ಣಿಗೆ ಕಾಣುವುದು ಮಾತ್ರ ಆ 28. ಅಂಕಿ ಸುಳ್ಳು ಹೇಳುತ್ತಿರಲಿಲ್ಲ, ನಾನು ಕೇಳಬೇಕಾದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. 2013ರ ಮಾರ್ಚ್‌ನಲ್ಲಿ ಎನ್‌ವಿಡಿಯಾದ ಎಫ್‌ಕ್ಯಾಟ್ ಎಂಬ ಸಾಧನದಿಂದ ಪತ್ರಕರ್ತರು ಚಿತ್ರಗಳ ನಡುವಿನ ಈ ಅಂತರವನ್ನೇ ಅಳೆದು ತೋರಿಸಿದರು. ಆಗಸ್ಟ್‌ನಲ್ಲಿ, ಎಟಿಐಯನ್ನು ಕೊಂಡಿದ್ದ ಎಎಂಡಿ ಇದನ್ನು ಸರಿಪಡಿಸುವ ಡ್ರೈವರ್ ಬಿಟ್ಟಿತು, ಅದೂ ಮೊದಲಿಗೆ ಡೈರೆಕ್ಟ್‌ಎಕ್ಸ್ 10 ಮತ್ತು 11ರ ಆಟಗಳಿಗೆ ಮಾತ್ರ. ಸ್ಕೈರಿಮ್ 9ರದು.

ಇನ್ನೂ ಕೆಲವು ಸಣ್ಣ ಕಾಟಗಳು. ಆಟ ಪೂರ್ತಿ ಪರದೆಯಲ್ಲಿ ಇದ್ದರಷ್ಟೇ ಎರಡನೇ ಕಾರ್ಡ್ ಏಳುತ್ತದೆ, ಕಿಟಕಿಯಲ್ಲಿ ಆಡಿದರೆ ಮಲಗಿರುತ್ತದೆ. ಹೊಸ ಆಟ ಬಂದಾಗಲೆಲ್ಲ ಅದಕ್ಕೆಂದೇ ಪ್ರತ್ಯೇಕ ಪ್ರೊಫೈಲ್ ಫೈಲು ಇಳಿಸಿಕೊಳ್ಳಬೇಕು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್ ಲೆಕ್ಕಕ್ಕಿಲ್ಲದ ಬ್ರಾಡ್‌ಬ್ಯಾಂಡ್ ಪ್ಲಾನು ನಮ್ಮದು, ಅಲಾರಾಂ ಇಟ್ಟು ಏಳುತ್ತಿದ್ದೆ. ಮೆಮೊರಿ ಒಂದೊಂದರಲ್ಲಿ 1 ಜಿಬಿ. ಕೂಡಿದರೆ 2 ಎಂದು ಊರಿಗೆಲ್ಲ ಹೇಳಿದ್ದೆ. ಒಂದೇ ಸಾಮಾನನ್ನು ಎರಡೂ ಕಾರ್ಡುಗಳು ಬೇರೆಬೇರೆಯಾಗಿ ತುಂಬಿಟ್ಟುಕೊಳ್ಳುತ್ತವೆ, ಆದ್ದರಿಂದ ಆಟಕ್ಕೆ ಸಿಗುವುದು 1 ಜಿಬಿಯೇ ಎಂದು ತಿಳಿದ ಮೇಲೆ ಆ ಮಾತು ಎತ್ತುವುದನ್ನು ಬಿಟ್ಟೆ. ತಿದ್ದಲಿಲ್ಲ, ಬಿಟ್ಟೆ.

ಇದು ನನಗೆ ಈಗಲೂ ಚುಚ್ಚುತ್ತದೆ, ಯಾಕೆಂದರೆ ನನ್ನ ಮಾತು ನಂಬಿದವನೊಬ್ಬ ಇದ್ದ. ಧಾರವಾಡದ ಮಾಳಮಡ್ಡಿಯ ಹುಡುಗ, ನನಗಿಂತ ನಾಲ್ಕು ವರ್ಷ ಚಿಕ್ಕವ. ತಂದೆ ನಿವೃತ್ತ ಮಾಸ್ತರರು. 2011ರಲ್ಲಿ ಕಂಪ್ಯೂಟರ್ ಮಾಡಿಸಲು ನನ್ನನ್ನು ಕೇಳಿದ. ನಾನಿನ್ನೂ ಒಂದೇ ಕಾರ್ಡಿನವನು, ಆದರೂ ಉಪದೇಶಕ್ಕೆ ಬರವಿರಲಿಲ್ಲ: ಎಸ್‌ಎಲ್‌ಐ ಇರುವ ಬೋರ್ಡನ್ನೇ ತೊಗೋ, 750 ವ್ಯಾಟಿನ ಒಳ್ಳೆ ಎಸ್‌ಎಂಪಿಎಸ್ ಹಾಕು, ಈಗ ಒಂದು ಜಿಟಿಎಕ್ಸ್ 560 ಟಿಐ ಸಾಕು, ಮುಂದೆ ಇನ್ನೊಂದು ಸೇರಿಸುವಿಯಂತೆ. ಬೋರ್ಡಿಗೂ ಎಸ್‌ಎಂಪಿಎಸ್‌ಗೂ ಅವನು ಹೆಚ್ಚಿಗೆ ಕೊಟ್ಟ ಹಣದಲ್ಲಿ ಮೊದಲೇ ಒಂದು ಜಿಟಿಎಕ್ಸ್ 570 ಬರುತ್ತಿತ್ತು. ಮೇಲಂತಸ್ತು ಕಟ್ಟುವ ಆಸೆಗೆ ತಾರಸಿಯ ಮೇಲೆ ಕಬ್ಬಿಣದ ಸರಳು ಎಬ್ಬಿಸಿ ಬಿಟ್ಟ ಮನೆಗಳು ನವನಗರದಿಂದ ಸತ್ತೂರಿನವರೆಗೆ ಸಾಲಾಗಿ ಕಾಣುತ್ತವಲ್ಲ, ಅಂಥದ್ದೊಂದನ್ನು ಅವನಿಂದ ಕಟ್ಟಿಸಿದೆ.

ಮುಂದಿನ ವರ್ಷ ಅವನು ಫೋನ್ ಮಾಡಿ “ನಿಮ್ಮದು ಹೆಂಗ ನಡದೈತ್ರೀ, ನಾನೂ ಎರಡನೇದು ಹಾಕ್ಲೇನು?” ಎಂದು ಕೇಳಿದಾಗ ಗುಡ್ಡ ಜಗ್ಗಾಡುವುದನ್ನು ನಾನಾಗಲೇ ನೋಡಿದ್ದೆ. “ಭಾರಿ ಐತಿ, ಹಾಕು” ಅಂದೆ. ನಾಲ್ಕೂವರೆ ಸಾವಿರ ಸುರಿದವನಿಗೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಅವನ ಪುಣ್ಯ, ಅದೇ ಕಾರ್ಡ್ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿಯೂ ಸಿಗಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕದ್ದರ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸ ತಲೆಮಾರಿನ ಜಿಟಿಎಕ್ಸ್ 660 ಬರುತ್ತಿತ್ತು. 560 ಟಿಐ 170 ವ್ಯಾಟ್ ಕುಡಿದರೆ 660ಕ್ಕೆ 140 ಸಾಕು, ಮೆಮೊರಿಯೂ ದುಪ್ಪಟ್ಟು. ಅವನು ಎರಡನ್ನೂ ಕೊಳ್ಳದೆ ಸುಮ್ಮನಾದ. ಎರಡನೇ ಸ್ಲಾಟ್ ಖಾಲಿಯೇ ಉಳಿಯಿತು.

ನನ್ನದು ಖಾಲಿ ಉಳಿಯದೆ ಕೆಟ್ಟಿತು. 2013ರ ಮೇ, ಹುಬ್ಬಳ್ಳಿಯ ಮಧ್ಯಾಹ್ನ, ಫ್ಯಾನ್ ಬಿಸಿಗಾಳಿಯನ್ನೇ ತಿರುವುತ್ತಿತ್ತು. ಅದಕ್ಕೂ ಮೊದಲೇ ಸೂಚನೆಗಳಿದ್ದವು. ಆಟದ ನಡುವೆ ಕರೆಂಟ್ ಹೋದರೆ ನನ್ನ 600 ವಿಎ ಯುಪಿಎಸ್ ಒಮ್ಮೆ ಕುಂಯ್ ಅಂದು ಆರಿಬಿಡುತ್ತಿತ್ತು, ಒಂದೇ ಕಾರ್ಡ್ ಇದ್ದಾಗ ಹಾಗೆ ಮಾಡುತ್ತಿರಲಿಲ್ಲ. ಬ್ಯಾಟರಿ ಹಳತಾಯಿತು ಅಂದುಕೊಂಡೆ. ಆ ದಿನ ಬ್ಯಾಟಲ್‌ಫೀಲ್ಡ್ ಆಡುತ್ತಿದ್ದಾಗ ಕ್ಯಾಬಿನೆಟ್ ಹಿಂದಿನಿಂದ ಟಪ್ ಎಂದು ಸದ್ದು, ಸುಟ್ಟ ವಾಸನೆ. ಅಡುಗೆಮನೆಯಿಂದ ಅವ್ವ ಓಡಿ ಬಂದಳು.

ದಾಜಿಬಾನಪೇಟೆಯ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. ಅವರು ಎಸ್‌ಎಂಪಿಎಸ್ ಬಿಚ್ಚಿ ಮೇಜಿನ ಮೇಲೆ ಅಡ್ಡ ಮಲಗಿಸಿ, ಸ್ಟಿಕರ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

“ಮ್ಯಾಲೆ 450 ಅಂತ ಬರದಾರ. ಕೆಳಗ ಸಣ್ಣ ಅಕ್ಷರದಾಗ ಏನೈತಿ, ಓದ್ರಿ ಸರ್.”

ಓದಿದೆ. 12 ವೋಲ್ಟಿನ ಸಾಲಿನಲ್ಲಿ 18 ಆಂಪ್.

“ಗುಣಿಸ್ರಿ.”

ರಸೀದಿಯ ಹಿಂದೆ ಗುಣಿಸಿದೆ. 216 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕುಡಿಯುವುದು ಆ 12 ವೋಲ್ಟಿನ ಸಾಲಿನಿಂದಲೇ. ಒಂದು 5770ಕ್ಕೆ 108 ವ್ಯಾಟ್, ಎರಡಕ್ಕೆ ಸರಿಯಾಗಿ 216. ಐ5-750ಕ್ಕೆ 95 ಎಲ್ಲಿಂದ ಬರಬೇಕು? ಉಳಿದ ವ್ಯಾಟ್‌ಗಳೆಲ್ಲ 5 ಮತ್ತು 3.3 ವೋಲ್ಟಿನವು, ಆಟಕ್ಕೆ ಅವು ಇದ್ದೂ ಇಲ್ಲದ ಹಾಗೆ. ಅಂದಹಾಗೆ ಒಂಟಿ 5870 ಕುಡಿಯುವುದು 188. ಎರಡು ಅರ್ಧ ಸೇರಿ ಒಂದು ಪೂರ್ತಿಗಿಂತ ಹೆಚ್ಚು ಉಣ್ಣುತ್ತಿದ್ದವು.

ಅಷ್ಟಕ್ಕೇ ಬಿಡಲಿಲ್ಲ ಆ ಮನುಷ್ಯ. ಎರಡನೇ ಕಾರ್ಡನ್ನು ಕಿತ್ತು, ಮೊಬೈಲ್ ಟಾರ್ಚನ್ನು ಸ್ಲಾಟಿನೊಳಗೆ ಹಿಡಿದರು. ಮೇಲಿನ ಸ್ಲಾಟಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬಂಗಾರದ ಬಣ್ಣದ ಪಿನ್ನುಗಳ ಸಾಲು. ಕೆಳಗಿನದರಲ್ಲಿ ಅರ್ಧಕ್ಕೂ ಮೊದಲೇ ಪಿನ್ನು ಮುಗಿದಿದ್ದವು. ಮುಂದಿನದೆಲ್ಲ ಬರೀ ಕಪ್ಪು ಪ್ಲಾಸ್ಟಿಕ್, ಕಾರ್ಡ್ ಕೂರಲಿ ಎಂದಷ್ಟೇ. ಮೂರು ವರ್ಷ ಆ ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಕಪ್ಪು ಮಣ್ಣಿನ ಧೂಳು ಝಾಡಿಸಿದವನು ನಾನು, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಆ ಸ್ಲಾಟು ಪ್ರೊಸೆಸರಿಗೆ ನೇರ ಜೋಡಿಸಿದ್ದೂ ಅಲ್ಲ, ಪಿ55 ಚಿಪ್‌ನಿಂದ ಮಾಹಿತಿ ಹರಿಯುವ ನಾಲ್ಕು ಲೇನುಗಳಿಗೆ ಜೋಡಿಸಿದ್ದು. ಮೇಲಿನದರಲ್ಲಿ ಸೆಕೆಂಡಿಗೆ 8 ಜಿಬಿ ಹರಿಯಬಹುದಾದರೆ ಇದರಲ್ಲಿ 1. ಹೆಜ್ಜೆ ಕೂಡದಿದ್ದುದರಲ್ಲಿ ಇದರ ಪಾಲೂ ಇತ್ತು. ಲೇನುಗಳನ್ನು ಎಂಟೆಂಟಾಗಿ ಹಂಚುವ ಪಿ55 ಬೋರ್ಡುಗಳೂ ಆಗ ಮಾರುಕಟ್ಟೆಯಲ್ಲಿದ್ದವು. ಅಂಥ ಬೋರ್ಡಿನಲ್ಲಿ, ಸರಿಯಾದ ಎಸ್‌ಎಂಪಿಎಸ್ ಇದ್ದರೆ, 5770 ಜೋಡಿ ಎಷ್ಟೋ ಆಟಗಳಲ್ಲಿ 5870ಕ್ಕೆ ಸರಿಗಟ್ಟುತ್ತಿದ್ದುದು ಖರೆ. ಯೋಜನೆಯೇ ಮೂರ್ಖತನದ್ದು ಎಂದು ನಾನು ಹೇಳಲಾರೆ. ನನ್ನ ಯಂತ್ರಕ್ಕೆ ಅದು ಹೊಂದುವಂಥದ್ದಲ್ಲ, ಅಷ್ಟೇ.

ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಿತ್ತು. ಪ್ರೊಸೆಸರ್ ಬದುಕಿತ್ತು, ಆದರೆ ಅದು ಕೂರುವ 1156 ಸಾಕೆಟ್ಟಿನ ಬೋರ್ಡು ಅಂಗಡಿಗಳಿಂದ ಮಾಯವಾಗಿತ್ತು. 2011ರ ಜನವರಿಯಲ್ಲೇ ಇಂಟೆಲ್ 1155ಕ್ಕೆ ದಾಟಿತ್ತು. ಹೀಗೆ ನಾಲ್ಕೂವರೆ ಸಾವಿರದ ಕಾರ್ಡಿನ ದೆಸೆಯಿಂದ ಬೋರ್ಡು, ಪ್ರೊಸೆಸರ್, ಎಸ್‌ಎಂಪಿಎಸ್ ಸೇರಿ ಹೆಚ್ಚುಕಡಿಮೆ ಇಡೀ ಯಂತ್ರ ಬದಲಾಯಿಸಬೇಕಾಯಿತು. ಕಾರ್ಡು ಮಾತ್ರ ಒಂದೇ ಹಾಕಿದೆ, ಎಚ್‌ಡಿ 7850. ಅದರ 130 ವ್ಯಾಟಿಗೆ ಯುಪಿಎಸ್ ಕುಂಯ್ ಅನ್ನಲಿಲ್ಲ.

ಜೋಡಿ ಕಾರ್ಡಿನ ಕಾಲವೂ ಮುಗಿಯಿತು. 2016ರ ಜಿಟಿಎಕ್ಸ್ 1060ಕ್ಕೆ ಎಸ್‌ಎಲ್‌ಐ ಇರಲೇ ಇಲ್ಲ. ಆರ್‌ಟಿಎಕ್ಸ್ 20 ಸರಣಿ ಮತ್ತು ಅದರ ಹಿಂದಿನವಕ್ಕೆ 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನು ಎನ್‌ವಿಡಿಯಾ ನಿಲ್ಲಿಸಿತು. 40ರ ಸರಣಿಗೆ ಬರುವಷ್ಟರಲ್ಲಿ ಬ್ರಿಜ್ ಹಾಕುವ ಜಾಗವನ್ನೇ ತೆಗೆದಿದ್ದರು. 2022ರಲ್ಲಿ ಇಥೀರಿಯಮ್ ಕ್ರಿಪ್ಟೊ ನಾಣ್ಯದ ಗಣಿಗಾರಿಕೆ ನಿಂತು ಹಳೆ ಕಾರ್ಡುಗಳು ಸಂತೆಗೆ ಬಂದಾಗ ಎರಡು ಆರ್‌ಎಕ್ಸ್ 580 ಹಾಕಲೇ ಎಂದು ಕೇಳಿದವರಿಗೆಲ್ಲ ಬ್ಯಾಡ ಅಂದೆ. ಕೇಳುವ ಮೊದಲೇ ಬ್ಯಾಡ ಅನ್ನುವಷ್ಟು ರೂಢಿಯಾಗಿತ್ತು.

ಮಾಳಮಡ್ಡಿಯ ಹುಡುಗ ಈಗ ಸಾಫ್ಟ್‌ವೇರ್ ಎಂಜಿನಿಯರ್, ಮನೆಯಿಂದಲೇ ಕೆಲಸ. ಮೊನ್ನೆ ಫೋನ್ ಮಾಡಿ ಎರಡು ಆರ್‌ಟಿಎಕ್ಸ್ 3060 ಜೋಡಿಸುತ್ತಿದ್ದೇನೆ ಎಂದ. ಬ್ಯಾಡ ಅಂದೆ.

“ಆಟಕ್ಕಲ್ರೀ. ಭಾಷಾ ಮಾಡೆಲ್ ಓಡಸಾಕ. ಇಲ್ಲಿ ಮೆಮೊರಿ ಕೂಡತೈತಿ.”

ಕೂಡುತ್ತದೆ. ಮಾಡೆಲ್ಲಿನ ಪದರಗಳಲ್ಲಿ ಅರ್ಧ ಒಂದು ಕಾರ್ಡಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಕೂರುತ್ತವೆ. 12 ಮತ್ತು 12 ಸೇರಿ 24 ಜಿಬಿ, ನಾನು ಅಂದು ಊರಿಗೆಲ್ಲ ಹೇಳಿದ ಲೆಕ್ಕದಂತೆಯೇ. ಕಾರ್ಡುಗಳ ನಡುವೆ ದಾಟುವ ಮಾಹಿತಿ ತೀರ ಕಡಿಮೆ, ಆದ್ದರಿಂದ ಎರಡನೇ ಸ್ಲಾಟಿನಲ್ಲಿ ನಾಲ್ಕೇ ಲೇನಿದ್ದರೂ ನಡೆಯುತ್ತದೆ. ಮಾಡೆಲ್ ತುಂಬುವಾಗ ತುಸು ತಡ, ಆಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ. ಭಾನುವಾರ ಹೋಗಿ ನೋಡಿದೆ. ಎಸ್‌ಎಂಪಿಎಸ್ ಸ್ಟಿಕರ್ ಕಾಣುವಂತೆ ಕ್ಯಾಬಿನೆಟ್ಟಿನ ಇನ್ನೊಂದು ಬಾಗಿಲನ್ನೂ ಬಿಚ್ಚಿಸಿದೆ. 12 ವೋಲ್ಟಿಗೆ 62 ಆಂಪ್. ಎರಡು ಕಾರ್ಡಿಗೆ ಬೇಕಾದದ್ದು 340 ವ್ಯಾಟ್. ಮಾಸ್ತರರು ಚಹಾ ತಂದಿಟ್ಟು, ಈ ಸಲವೂ ನೀವೇ ಹೇಳಿ ತರಿಸಿದಿರೇನು ಎಂದು ಕೇಳಿದರು. ಇಲ್ರೀ ಸರ್, ಈ ಸಲ ಅವನೇ ಲೆಕ್ಕ ಹಾಕ್ಯಾನ ಅಂದೆ.