ಕೋಡಿನ ಅಳತೆ

ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ಮಗುಚುವ ಕಾರಕೂನನಿಗೂ ಎಮ್ಮೆಯ ಗೋದಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಧಾರವಾಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮಣ್ಣ ಎಮ್ಮೆ ಕಟ್ಟಿ, ನಸುಕಿನಲ್ಲಿ ಹಾಲು ಹಿಂಡಿ, ಪೇಡೆ ಮಾಡುವವರಿಗೆ ಹಾಕಿ ಬಂದ ದುಡ್ಡಿನಲ್ಲೇ ನಾನು ಬಿ.ಎಸ್‌ಸಿ. ಮುಗಿಸಿದ್ದು. ಆ ಪದವಿಯ ಬಲದಿಂದಲೇ ಇಂದು ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡು, ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ, ನವಿ ಮುಂಬಯಿಯ ಬೇಲಾಪುರಕ್ಕೆ ಹೋಗಿ ಬರುತ್ತಿದ್ದೇನೆ.

ಎರಡು ವರ್ಷದ ಕೆಳಗೆ ಊರಿಗೆ ಹೋದಾಗ ಅಣ್ಣ ನಡು ಹಿಡಿದುಕೊಂಡು ಕೊಟ್ಟಿಗೆಯಿಂದ ಹೊರಬಂದದ್ದನ್ನು ಕಂಡೆ. ಗೋದಲಿ ಅಜ್ಜನ ಕಾಲದ್ದು, ಬಹಳ ತಗ್ಗು. ದಿನಕ್ಕೆ ನಾಲ್ಕು ಸಲ ಬಗ್ಗಿ ಕಣಿಕೆ, ಹೊಟ್ಟು, ಹಿಂಡಿ ಹಾಕಿ ಹಾಕಿ ಅವನ ಬೆನ್ನು ಸೋತಿತ್ತು. “ಎತ್ತರಕ್ಕೆ ಹೊಸದು ಕಟ್ಟಿಸೋಣ” ಎಂದೆ. “ನೀ ಕಲತಾಂವ ತಮ್ಮಾ, ನೀ ಹೆಂಗ ಹೇಳ್ತೀ ಹಂಗ” ಎಂದ ಅಣ್ಣ. ಋಣ ತೀರಿಸುವ ಅವಕಾಶ ಸಿಕ್ಕಿತೆಂದು ನನಗೆ ಒಳಗೊಳಗೇ ಹಿಗ್ಗು.

ಮರಳಿ ಬಂದ ಮೇಲೆ ರವಿವಾರಗಳೆಲ್ಲ ಅದಕ್ಕೇ ಮೀಸಲಾದವು. ಮುಂಬಯಿಯ ಎಮ್ಮೆಗಳಿಗಾಗಿ ಸರಕಾರ 1949ರಲ್ಲಿ ಗೋರೆಗಾಂವದ ಆರೇಯಲ್ಲಿ ಒಂದು ಕಾಲೊನಿಯನ್ನೇ ಕಟ್ಟಿತು. ಆದರೆ ನಮ್ಮ ಕಡೆಯವರಿಗೆ ಎಮ್ಮೆ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಕಲ್ಯಾಣದಲ್ಲಿ ದುರ್ಗಾಡಿ ಕೋಟೆಯ ಕಡೆಯ ಒಂದು ತಬೇಲಾಕ್ಕೆ ಹೋಗಿ, ಟೇಪು ಹಿಡಿದು ಗೋದಲಿಯ ಉದ್ದಗಲ ಬರೆದುಕೊಂಡೆ. ಪರದೇಶದ ಡೈರಿಗಳ ಚಿತ್ರಗಳಿದ್ದ ಪುಸ್ತಿಕೆಯೊಂದೂ ಕೈಗೆ ಬಂತು. ಅದರಲ್ಲಿ ಗೋದಲಿಯ ಮುಂದೆ ಓರೆಯಾಗಿ ನೆಟ್ಟ ಕಬ್ಬಿಣದ ಸರಳುಗಳು. ಒಂದೊಂದು ದನ ಒಂದೊಂದು ಸಂದಿನಲ್ಲಿ ತಲೆ ತೂರಿಸಿ ತಿನ್ನುತ್ತದೆ, ಬಲವಾದದ್ದು ಬಡಪಾಯಿಯ ಮೇವಿಗೆ ಬಾಯಿ ಹಾಕುವಂತಿಲ್ಲ. ಬಹಳ ಮೆಚ್ಚಿದೆ. ಎರಡನ್ನೂ ಕೂಡಿಸಿ ನಕ್ಷೆ ತೆಗೆದೆ. ಅಣ್ಣ ಬಗ್ಗದಿರಲೆಂದು ಗೋದಲಿಯ ತಳವನ್ನು ಅವನ ನಡುಮಟ್ಟಕ್ಕೆ ಏರಿಸಿದೆ. ಬೋನಸ್ಸಿನ ಹಣ ಕಳಿಸಿದೆ. ದೀಪಾವಳಿಯ ಹೊತ್ತಿಗೆ ಅಜ್ಜನ ಕಲ್ಲುಗಳನ್ನು ಕಿತ್ತೊಗೆದು ಸಿಮೆಂಟಿನ ಗೋದಲಿ ಎದ್ದು ನಿಂತಿತು.

ಹದಿನೈದು ದಿನ ಕಳೆದಿರಬಹುದು. ರಾತ್ರಿ ಎರಡಕ್ಕೆ ಅತ್ತಿಗೆಯ ಫೋನು. “ಗಂಗಿ ಸರಳಿನ್ಯಾಗ ಸಿಕ್ಕೊಂಡೈತಿ. ಕೋಡು ಹೊರಗ ಬರವಲ್ಲವು.” ಹಿಂದಿನಿಂದ ಎಮ್ಮೆಯ ಕೂಗು ನನ್ನ ಡೊಂಬಿವಲಿಯ ಮನೆಯವರೆಗೂ ಕೇಳಿಸಿತು. ಅಣ್ಣ ಆ ಸೊಂಟದಲ್ಲೇ ಕುಳಿತು ಗರಗಸದಿಂದ ಎರಡು ಸರಳು ಕೊಯ್ದು ಬಿಡಿಸಿದನಂತೆ. ಗಂಗಿ ಎಂಟು ದಿನ ಸೊರೆ ಬಿಡಲಿಲ್ಲ. ಉಳಿದ ಎಮ್ಮೆಗಳೂ ಮೇವನ್ನು ಬಾಯಲ್ಲಿ ಹಿಡಿದು, ತಲೆ ಕೊಡವಿ, ಬೆನ್ನ ಮೇಲೆ ಎರಚಿಕೊಳ್ಳುತ್ತಿದ್ದವಂತೆ. ಅಣ್ಣ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಂದಿನ ರವಿವಾರ ತಬೇಲಾದ ಭಯ್ಯಾನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ಕೋಡು ಅಳೆದಿದ್ದಿರಾ?

ಅಳೆದಿರಲಿಲ್ಲ. ಅವನ ಎಮ್ಮೆಗಳು ಮುರ್ರಾ; ಅವುಗಳ ಕೋಡು ಜಿಲೇಬಿಯಂತೆ ಕಿವಿಯ ಹತ್ತಿರವೇ ಸುರುಳಿ ಸುತ್ತಿಕೊಂಡಿರುತ್ತವೆ. ಪುಸ್ತಿಕೆಯ ದನಗಳಿಗಂತೂ ಕೋಡೇ ಇಲ್ಲ. ಅಲ್ಲಿ ಕರು ಹುಟ್ಟಿದ ಕೆಲವೇ ವಾರಗಳಲ್ಲಿ ಕೋಡಿನ ಮೊಳಕೆಯನ್ನು ಸುಟ್ಟುಬಿಡುತ್ತಾರೆ. ನಮ್ಮ ಧಾರವಾಡಿ ಎಮ್ಮೆಯ ಕೋಡು ಕುಡುಗೋಲಿನಂತೆ ಬಾಗಿ ಹಿಂದೆ ಹೆಗಲಿನವರೆಗೆ ಹೋಗುತ್ತವೆ. ಆ ಕೋಡನ್ನು ನೋಡುತ್ತಲೇ ಬೆಳೆದವನು ನಾನು. ನಕ್ಷೆ ತೆಗೆಯುವಾಗ ಅದು ಕಣ್ಣಿಗೆ ಬೀಳಲಿಲ್ಲ.

ಎತ್ತರದ ವಿಷಯಕ್ಕೂ ಹಾಗೆಯೇ. ದನವಾಗಲಿ ಎಮ್ಮೆಯಾಗಲಿ ಹುಲ್ಲು ಮೇಯಲು ಹುಟ್ಟಿದ ಪ್ರಾಣಿ. ತಲೆ ತಗ್ಗಿಸಿ ತಿನ್ನುವುದೇ ಅದರ ಮೈಗೆ ಒಗ್ಗಿದ ರೀತಿ. ಹಾಗೆ ತಿಂದಾಗ ಜೊಲ್ಲು ಹೆಚ್ಚು ಸುರಿಯುತ್ತದೆ. ದೊಡ್ಡ ಆಕಳೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ. ಅದರಲ್ಲಿರುವ ಸೋಡಾದ ಅಂಶವೇ ಹೊಟ್ಟೆಯಲ್ಲಿ ಹುಟ್ಟುವ ಆಮ್ಲವನ್ನು ತಣಿಸುತ್ತದೆ. ಆಮ್ಲ-ಕ್ಷಾರಗಳ ಪಾಠವನ್ನು ಮೂರು ವರ್ಷ ಬಾಯಿಪಾಠ ಮಾಡಿದವನು ನಾನು! ಮೇಲೆ ಇಟ್ಟ ಮೇವನ್ನು ಅವು ಎರಚಾಡುವುದು ತುಂಟತನವಲ್ಲ. ಮೇಯುವ ಭಂಗಿ ತಪ್ಪಿದ್ದರ ಗುರುತು.

ಯುಗಾದಿಗೆ ರಜೆ ಹಾಕಿ ಊರಿಗೆ ಹೋದೆ. ಹಿತ್ತಲಲ್ಲಿ ಅಜ್ಜನ ಗೋದಲಿಯ ಒಂದು ಕಲ್ಲು ಇನ್ನೂ ಬಿದ್ದಿತ್ತು. ಅದರ ಮೇಲಂಚಿನಲ್ಲಿ ತೊಟ್ಟಿಲಿನಂಥ ತಗ್ಗು; ಎಷ್ಟೋ ತಲೆಮಾರಿನ ಎಮ್ಮೆಗಳು ಕುತ್ತಿಗೆ ಊರಿ ಊರಿ ಸವೆಸಿದ್ದು. ಟೇಪು ಹಿಡಿದೆ. ಒಂದೂವರೆ ಅಡಿ. ನಾನು ಊರೂರು ಹುಡುಕಿದ ಅಳತೆ ಆ ಕಲ್ಲಿನಲ್ಲೇ ಇತ್ತು.

ಈ ಸಲ ಮೊದಲು ಗಂಗಿಯನ್ನು ಅಳೆದೆವು: ಕೋಡಿನಿಂದ ಕೋಡಿಗೆ, ಕೊರಳಿನಿಂದ ನೆಲಕ್ಕೆ, ನಾಲಿಗೆ ಚಾಚುವಷ್ಟು ದೂರ. ಮುಂದಿನ ಗೋಡೆ ಒಂದೂವರೆ ಅಡಿ; ಅಂಚು ಕೊರಳಿಗೆ ಒತ್ತದಂತೆ ದುಂಡಗೆ. ಗೋದಲಿಯ ತಳ, ಎಮ್ಮೆಯ ಮುಂಗಾಲು ನಿಲ್ಲುವ ನೆಲಕ್ಕಿಂತ ಅರ್ಧ ಅಡಿಯಷ್ಟೇ ಎತ್ತರ. ಅವುಗಳಿಗೆ ಮೇಲಿನ ಮುಂಹಲ್ಲುಗಳಿಲ್ಲ, ನಾಲಿಗೆಯಿಂದಲೇ ಮೇವು ಎಳೆದುಕೊಳ್ಳಬೇಕು. ಅದಕ್ಕೆಂದು ತಳಕ್ಕೆ ನಯವಾದ ಶಹಾಬಾದಿ ಫರಸಿ ಹಾಸಿ, ಮೂಲೆಗಳನ್ನು ದುಂಡು ಮಾಡಿದೆವು. ಸರಳಿನ ಬದಲು ಒಂದೊಂದಕ್ಕೂ ಬೇರೆ ಕಣ್ಣಿ, ನಡುವೆ ಸಾಕಷ್ಟು ಅಂತರ.

ಉಳಿದದ್ದು ಅಣ್ಣನ ಬೆನ್ನು. ಗೋದಲಿ ಏರಿಸಬಾರದು, ಅಣ್ಣ ಬಗ್ಗಬಾರದು. ಅಣ್ಣನೇ ಉಪಾಯ ಹೇಳಿದ: “ಅದನ್ನ ಏರಿಸೂದ್ಯಾಕ? ನನ್ನ ಇಳಸು.” ಕೊಟ್ಟಿಗೆ ದಿಬ್ಬದ ಮೇಲಿದ್ದದ್ದು ಅನುಕೂಲವಾಯಿತು. ಮೇವು ಹಾಕಲು ಅವನು ಓಡಾಡುವ ಓಣಿಯನ್ನೇ ಎರಡಡಿ ತಗ್ಗಿಸಿ, ಮಳೆನೀರು ಹರಿದುಹೋಗಲು ಗಟಾರ ತೆಗೆಸಿದೆವು. ಈಗ ಅದೇ ಗೋದಲಿ ಎಮ್ಮೆಗೆ ತಗ್ಗು, ಅಣ್ಣನಿಗೆ ನಡುಮಟ್ಟ. ಮೊದಲ ದಿನ ಗಂಗಿ ಹೊಸ ಗೋದಲಿಯನ್ನು ಮೂಸಿ ಮೂಸಿ ಹಿಂದೆ ಸರಿಯಿತು. ಸಂಜೆಗೆ ತಲೆ ತಗ್ಗಿಸಿ ತಿನ್ನತೊಡಗಿದಾಗ ಅಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ. ಮಾತೇನೂ ಆಡಲಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಶ್ರಮದಿಂದ 2021ರಲ್ಲಿ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮನ್ನಣೆ ದೊರೆಯಿತು. ಅದಕ್ಕೆ ಅದರದೇ ಆದ ಮೈಕಟ್ಟಿದೆ ಎಂದು ಕಾಗದದ ಮೇಲೆ ಬಂದಂತಾಯಿತು. ಕಾಗದವನ್ನೇ ನಂಬುವ ನನ್ನಂಥ ಕಾರಕೂನರಿಗೆ ಅದೂ ಬೇಕು.

ಡೊಂಬಿವಲಿಗೆ ಬಂದು ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿ, “ಎಮ್ಮೆಗಾದರೂ ಅಳತೆ ತಗೊಂಡ್ರಲ್ಲ, ಪುಣ್ಯ!” ಎಂದಳು. ಆಗ ನೋಡಿದೆ. ಬಿಲ್ಡರನು ಕಟ್ಟಿಕೊಟ್ಟ ಅಡಿಗೆ ಕಟ್ಟೆ ಅವಳಿಗೆ ಎದೆಮಟ್ಟ. ಹನ್ನೆರಡು ವರ್ಷಗಳಿಂದ ಅವಳು ಒಂದು ಮಣೆಯ ಮೇಲೆ ನಿಂತು ಅಡಿಗೆ ಮಾಡುತ್ತಿದ್ದಾಳೆ.

ಈ ರವಿವಾರ ಗವಂಡಿಗೆ ಬರಹೇಳಿದ್ದೇನೆ. ಅಳತೆ ಮಾತ್ರ ಅವಳೇ ಕೊಡುತ್ತಾಳೆ.