ತೊಗಲಿಗೂ ಒಂದು ಲೆಕ್ಕ

ಕಳೆದ ಡಿಸೆಂಬರಿನಲ್ಲಿ ನಮ್ಮ ವಾಣಿಜ್ಯ ವಿಭಾಗದವರು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳನ್ನು ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ದಾರಿಯಲ್ಲಿ ರಾಮನಗರದ ಬಳಿಯ ಜಾನಪದ ಲೋಕ, ಆಮೇಲೆ ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವವರ ಮನೆಗಳು, ರಾತ್ರಿ ಶಿರಾಕ್ಕೆ ವಾಪಸ್ಸು. ಬಂದ ಮೇಲೆ ಸಣ್ಣ ಕೈಗಾರಿಕೆಗಳ ಬಗ್ಗೆ ನಾಲ್ಕು ಪುಟದ ವರದಿ ಬರೆಯಬೇಕೆಂದು ಸರ್ ಮೊದಲೇ ಹೇಳಿದ್ದರು. ವರದಿ ಬರೆದು ಕೊಟ್ಟೆ. ಅದರಲ್ಲಿ ಬರೆಯದೆ ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ನಮ್ಮ ದಾದಾ ಶಿರಾದಲ್ಲಿ ತೊಗಲು ಮಂಡಿ ಇಟ್ಟುಕೊಂಡಿದ್ದಾರೆ. ಅಬ್ಬಾ ಅವರ ಜೊತೆಯಲ್ಲೇ ಇದ್ದಾರೆ. ಕುರಿ, ಮೇಕೆಯ ತೊಗಲಿನ ವ್ಯಾಪಾರ. ನಮ್ಮ ಶಿರಾ, ಪಾವಗಡ, ಮಧುಗಿರಿ ಕಡೆ ಮಳೆ ಕಡಿಮೆ, ಕುರಿ ಜಾಸ್ತಿ ಎಂಬುದು ನಿಮಗೆಲ್ಲ ಗೊತ್ತು. ಮಟನ್ ಅಂಗಡಿಗಳಿಂದ ಬಂದ ಹಸಿ ತೊಗಲಿಗೆ ಅವತ್ತೇ ಉಪ್ಪು ಹಾಕಬೇಕು. ತಡವಾದರೆ ಕೂದಲು ಕೈಗೆ ಕಿತ್ತು ಬರುತ್ತದೆ. ಹಾಗೆ ಬಂತೆಂದರೆ ಆ ತೊಗಲು ಕೆಟ್ಟಿತು ಎಂದೇ ಅರ್ಥ. ಉಪ್ಪು ಹಾಕಿ ಮಡಿಸಿ ಜೋಡಿಸಿಟ್ಟಿದ್ದು ಒಂದು ಲೋಡ್ ಆದಾಗ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆಯ ಟ್ಯಾನರಿಗಳಿಗೆ ಹೋಗುತ್ತದೆ.

ಮಂಡಿಯಲ್ಲಿ ಉಪ್ಪು ಹಾಕುವ ಕೆಲಸ ಒಬ್ಬ ತಾತನದು. ನಾನು ಚಿಕ್ಕವಳಿದ್ದಾಗಿನಿಂದ ಅವರನ್ನು 'ಉಪ್ಪು ತಾತ' ಎಂದೇ ಕರೆಯುತ್ತೇನೆ. ದಾದಾರಿಗೂ ಅವರಿಗೂ ಮೂವತ್ತು ವರ್ಷದ ಒಡನಾಟ. ನಮ್ಮ ದಾದಾ ಮನೆಯಲ್ಲಿ ಉರ್ದು ಬಿಟ್ಟು ಬೇರೆ ಆಡುವವರಲ್ಲ. ಮಂಡಿಯಲ್ಲಿ ಮಾತ್ರ ಅವರ ಕನ್ನಡ ಉಪ್ಪು ತಾತನ ಕನ್ನಡದ ಹಾಗೇ ಇರುತ್ತದೆ.

ಈ ಮಂಡಿಯ ವಿಷಯವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋಗಿದ್ದಳು. ಅವತ್ತು ನಾನು ಮಂಡಿಗೆ ಕಾಲೇ ಇಟ್ಟಿರಲಿಲ್ಲ. ಆದರೂ ಮನೆಗೆ ಬಂದು ಸಮವಸ್ತ್ರವನ್ನು ಎರಡು ಸಲ ಒಗೆದೆ. ಆಮೇಲಿನಿಂದ ಶಾಲೆಯ ಯಾವ ಅರ್ಜಿಯಲ್ಲೂ ತಂದೆಯ ಉದ್ಯೋಗ ಎಂಬ ಕಡೆ 'ವ್ಯಾಪಾರ' ಎಂದಷ್ಟೇ ಬರೆಯುತ್ತಿದ್ದೆ. ಯಾವ ವ್ಯಾಪಾರ ಎಂದು ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತಿದ್ದೆ.

ದಾದಾರ ಕಣ್ಣಿಗೆ ಪೊರೆ ಬಂದ ಮೇಲೆ ಬಕ್ರೀದ್ ದಿನದ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕುರ್ಬಾನಿಯ ತೊಗಲನ್ನು ನಮ್ಮಲ್ಲಿ ಹೆಚ್ಚಿನವರು ಮದ್ರಸಾಕ್ಕೆ ದಾನ ಕೊಡುತ್ತಾರೆ. ಮದ್ರಸಾದವರು ಅದನ್ನು ಮಂಡಿಗೆ ಮಾರಿ, ಬಂದ ಹಣವನ್ನು ಅಲ್ಲಿ ಓದುವ ಬಡ ಮಕ್ಕಳ ಊಟಕ್ಕೆ, ಪುಸ್ತಕಕ್ಕೆ ಬಳಸುತ್ತಾರೆ. ಹಾಗಾಗಿ ತೊಗಲಿನ ಬೆಲೆ ಬಿದ್ದರೆ ನಷ್ಟ ನಮ್ಮ ಮಂಡಿಗೆ ಮಾತ್ರ ಅಲ್ಲ.

ಬೆಲೆ ಬಿದ್ದಿದೆ. ದಾದಾರ ಹಳೆಯ ಪುಸ್ತಕದಲ್ಲಿ, ನಾನಿನ್ನೂ ಅಂಗನವಾಡಿಗೆ ಹೋಗುತ್ತಿದ್ದ ವರ್ಷದ ಪುಟದಲ್ಲಿ, ಒಂದು ಒಳ್ಳೆಯ ಮೇಕೆ ತೊಗಲಿಗೆ 250 ರೂಪಾಯಿ ಎಂದಿದೆ. ಕಳೆದ ಬಕ್ರೀದಿಗೆ ನಾನೇ ಬರೆದಿದ್ದು 20 ರೂಪಾಯಿ. ಕುರಿ ತೊಗಲಿಗೆ ಅದೂ ಇಲ್ಲ. ಉಪ್ಪು, ಕೂಲಿ, ಲಾರಿ ಬಾಡಿಗೆ ಕಳೆದರೆ ಏನೂ ಉಳಿಯುವುದಿಲ್ಲ. ಶೂ, ಬೆಲ್ಟು, ಬ್ಯಾಗುಗಳಿಗೆ ಈಗ ರೆಕ್ಸಿನ್ನು, ಸಿಂಥೆಟಿಕ್ಕು ಬಂದಿದೆ. ಟ್ಯಾನರಿಗಳು ಕೊಳಚೆ ನೀರನ್ನು ಶುದ್ಧ ಮಾಡಿಯೇ ಬಿಡಬೇಕು, ಅದರ ಖರ್ಚೂ ದೊಡ್ಡದು. ಆ ಹಬ್ಬದ ಮರುದಿನ ಯಾರಿಗೂ ಬೇಡವಾದ ತೊಗಲುಗಳನ್ನು ಊರಾಚೆ ಗುಂಡಿ ತೋಡಿ ಹೂಳಿದರು. ದಾದಾ ನೋಡಲು ಹೋಗಲಿಲ್ಲ. ಮಂಡಿ ಮುಚ್ಚಿ ಆ ಜಾಗವನ್ನು ಬಾಡಿಗೆಗೆ ಕೊಡೋಣ ಎಂದು ಅಬ್ಬಾ ಅವತ್ತಿನಿಂದಲೇ ಹೇಳುತ್ತಿದ್ದಾರೆ. ಒಳಗೊಳಗೆ ನನಗೂ ಅದೇ ಬೇಕಾಗಿತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಆ ಪ್ರವಾಸಕ್ಕೆ ಹೋದೆ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಐದೂವರೆಗೆ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಇದ್ದದ್ದು ಕಿಟಕಿ ಪಕ್ಕದ ಸೀಟು ಮಾತ್ರ.

ಜಾನಪದ ಲೋಕವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. 1994ರಲ್ಲಿ ಶುರುವಾಯಿತು. ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲಿ 15 ಎಕರೆ ಜಾಗ. ಹಳ್ಳಿಯ ಜನ ಬಳಸುತ್ತಿದ್ದ ಕಣಜ, ಒರಳು, ನೇಗಿಲು, ವಾದ್ಯ, ವೇಷಗಳನ್ನೆಲ್ಲ ಅಲ್ಲಿ ಇಟ್ಟಿದ್ದಾರೆ. ನಾವು ಫೋಟೊ ತೆಗೆದುಕೊಳ್ಳುತ್ತಾ ಬೇಗ ಬೇಗ ಮುಂದೆ ಹೋಗುತ್ತಿದ್ದೆವು. ತೊಗಲುಗೊಂಬೆಗಳಿದ್ದ ಕಡೆ ಬಂದಾಗ ನನ್ನ ಗೆಳತಿ, "ಇದು ಪ್ಲಾಸ್ಟಿಕ್ಕಾ?" ಎಂದು ಕೇಳಿದಳು. ಕೆಂಪು, ಹಸಿರು, ಕಪ್ಪು ಬಣ್ಣದ ಗೊಂಬೆಗಳು. ಹಿಂದಿನಿಂದ ಬೆಳಕು ಬಿದ್ದಾಗ ಬಣ್ಣದ ಗಾಜಿನ ಹಾಗೆ ಕಾಣುತ್ತಿದ್ದವು.

ನನ್ನ ಬಾಯಿ ನನ್ನನ್ನು ಕೇಳದೆಯೇ, "ಅಲ್ಲ ಕಣೇ, ಮೇಕೆ ತೊಗಲು. ನೋಡು, ಇಲ್ಲಿ ಬೆನ್ನಿನ ಗೆರೆ ಇದೆ. ಇದು ಹದ ಮಾಡಿದ ತೊಗಲಲ್ಲ, ಹಸಿಯದನ್ನೇ ಹೆರೆದು ಒಣಗಿಸಿದ್ದು" ಎಂದಿತು.

ಹಿಂದೆಯೇ ನಿಂತಿದ್ದ ಸರ್, "ನಿನಗೆ ಹೇಗೆ ಗೊತ್ತಮ್ಮ?" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಮಾತು ಬದಲಾಯಿಸಲು ನೋಡಿದೆ, ಆಗಲಿಲ್ಲ. "ನಮ್ಮದು ತೊಗಲು ಮಂಡಿ ಸರ್" ಎಂದೆ. ಕ್ಲಾಸಿನವರ ಮುಂದೆ ಆ ಮಾತನ್ನು ಹೇಳಿದ್ದು ಅದೇ ಮೊದಲು. ಯಾರೂ ಮೂಗು ಮುಚ್ಚಲಿಲ್ಲ. ಸರ್, "ಹಾಗಾದರೆ ನೀನೇ ಹೇಳು, ನಾವು ಕೇಳುತ್ತೇವೆ" ಎಂದರು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಚಪ್ಪಲಿಗೆ ಬೇಕಾದ ತೊಗಲನ್ನು ಹದ ಮಾಡುತ್ತಾರೆ. ಹಿಂದೆ ಅದಕ್ಕೆ ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು. ನಮ್ಮ ಹೊಲಗಳ ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ತೊಗಟೆಯ ರಸ ಹಿಡಿದ ತೊಗಲು ಕೊಳೆಯುವುದಿಲ್ಲ, ಆದರೆ ಅದರಲ್ಲಿ ಬೆಳಕು ಹಾಯುವುದಿಲ್ಲ. ಗೊಂಬೆಗೆ ಬೆಳಕು ಹಾಯಲೇಬೇಕು. ಅದಕ್ಕೇ ತೊಗಲನ್ನು ನೆನೆಸಿ, ಕೂದಲು, ಮಾಂಸ ಎಲ್ಲ ಹೆರೆದು, ಎಳೆದು ಕಟ್ಟಿ ಒಣಗಿಸುತ್ತಾರೆ. ಅದರ ಮೇಲೆ ಚಿತ್ರ ಬರೆದು, ಒಡವೆಗಳ ಜಾಗದಲ್ಲಿ ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ಹಚ್ಚುತ್ತಾರೆ. ಬಿಳಿ ಪರದೆಯ ಹಿಂದೆ ದೀಪ ಇಟ್ಟು ಆಡಿಸಿದರೆ ಆ ತೂತುಗಳೇ ಮುತ್ತಿನ ಹಾಗೆ ಹೊಳೆಯುತ್ತವೆ. ಗೊಂಬೆಯ ಈ ಕಡೆಯ ಮಾತುಗಳನ್ನು ನಾನು ಅಲ್ಲೇ ಕಲಿತದ್ದು. ತೊಗಲಿನ ಕಡೆಯದು ಮಾತ್ರ ಮನೆಯಿಂದ ತಂದದ್ದು.

ಈ ಗೊಂಬೆ ಆಡಿಸುವವರನ್ನು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು ಕರೆಯುತ್ತಾರೆ. ಆಟದಲ್ಲಿ ನಗಿಸಲು ಬರುವ ಕಿಳ್ಳೇಕ್ಯಾತ ಎಂಬ ಗೊಂಬೆಯ ಹೆಸರೂ ಅದೇ. ಅವನ ಹೆಂಡತಿ ಬಂಗಾರಕ್ಕ. ಮಳೆ ಹೋದ ವರ್ಷ ಇವರನ್ನು ಕರೆಸಿ ಆಟ ಆಡಿಸಿದರೆ ಮಳೆ ಬರುತ್ತದೆ ಎಂದು ಹಳ್ಳಿಗಳಲ್ಲಿ ನಂಬುತ್ತಿದ್ದರು. ಇವರ ಮನೆಮಾತು ಕನ್ನಡವಲ್ಲ, ಮರಾಠಿಗೆ ಹತ್ತಿರದ ಒಂದು ಮಾತು. ಆದರೆ ಪರದೆಯ ಹಿಂದೆ ರಾಮಾಯಣ, ಮಹಾಭಾರತ ಹೇಳುವುದು ಕನ್ನಡದಲ್ಲಿ. ಇದನ್ನು ಕೇಳಿದಾಗ ನನಗೆ ಮಂಡಿಯಲ್ಲಿ ಕನ್ನಡ ಆಡುವ ದಾದಾ ನೆನಪಾದರು. ಮನೆಯಲ್ಲಿ ಉರ್ದು ಆಡಿ, ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿರುವ ನಾನೂ ಅದೇ ಸಾಲಿನವಳು.

ಇನ್ನೊಂದು ವಿಷಯ ಕೇಳಿ ನಾನು ಸುಮ್ಮನಾದೆ. ಆಡಿಸಿ ಆಡಿಸಿ ಹರಿದುಹೋದ ಗೊಂಬೆಗಳನ್ನು ಅವರು ಕಸಕ್ಕೆ ಎಸೆಯುವುದಿಲ್ಲವಂತೆ, ಹೊಳೆಗೆ ಬಿಡುತ್ತಾರಂತೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಕಳಿಸಿಕೊಡುವ ಹಾಗೆ. ನಾವು ಕಳೆದ ಬಕ್ರೀದಿಗೆ ಗುಂಡಿ ತೋಡಿ ಹೂಳಿದ್ದೂ ಇದೇ ತೊಗಲು.

ಅಲ್ಲೇ ಕನ್ನಡ ಮೇಡಂ ಹರಳಯ್ಯನವರ ಕತೆ ನೆನಪಿಸಿದರು. 12ನೇ ಶತಮಾನದ ಶರಣ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಪ್ಪಲಿ ಹೊಲಿದು ಕೊಟ್ಟರೆಂದು ಕತೆ. ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನವರೂ ಶರಣರೇ. "ಇವರನ್ನು ಪಾಠದಲ್ಲಿ ಹೊಗಳುತ್ತೇವೆ. ಆ ಕೆಲಸ ಮಾಡುವವರು ಈಗಲೂ ಇದ್ದಾರಲ್ಲ, ಅವರನ್ನು ಎಲ್ಲಿ ಕೂರಿಸುತ್ತೇವೆ?" ಎಂದು ಮೇಡಂ ಕೇಳಿದರು. ನಾನು ಉಪ್ಪು ತಾತನನ್ನು ನೆನೆದೆ. ನನ್ನನ್ನು ಬಿಟ್ಟು ಒಬ್ಬಳು ಬೇರೆ ಬೆಂಚಿಗೆ ಹೋದದ್ದು ಒಂದು ದಿನ. ತಾತನಿಗೆ ಹೋಟೆಲಿನಲ್ಲಿ ಲೋಟವನ್ನೇ ಬೇರೆ ಇಡುತ್ತಿದ್ದ ಕಾಲವಿತ್ತು ಎಂದು ದಾದಾ ಒಮ್ಮೆ ಹೇಳಿದ್ದರು. ಅದಕ್ಕೇ ಮಂಡಿಗೆ ಎರಡು ಲೋಟ ಚಹಾ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ದಿನಾ ಅದನ್ನು ಕೊಟ್ಟು ಬರುತ್ತಿದ್ದ ನಾನು ಅದರ ಕಾರಣವನ್ನು ಯೋಚಿಸಿರಲಿಲ್ಲ.

ಚನ್ನಪಟ್ಟಣ ನೋಡಿಕೊಂಡು ವಾಪಸ್ಸು ಬರುವಾಗ ಬಸ್ಸಿನಲ್ಲಿ ಸರ್ ನಮ್ಮ ಪಾಠವನ್ನೇ ಶುರು ಮಾಡಿದರು. ಕಚ್ಚಾ ವಸ್ತುವಿಗೆ ಬೆಲೆ ಕೊಡುವುದು ಕೈಕೆಲಸ ಮತ್ತು ಮಾರುಕಟ್ಟೆ ಎಂದರು. ಬೆಳಗಾವಿ ಜಿಲ್ಲೆಯ ಅಥಣಿಯ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಉದಾಹರಣೆ ಕೊಟ್ಟರು. ಅದರ ಜಿಐ ಮಾನ್ಯತೆ ಮಹಾರಾಷ್ಟ್ರದ ಜೊತೆಗೆ ನಮ್ಮ ರಾಜ್ಯದ ನಾಲ್ಕು ಜಿಲ್ಲೆಗಳಿಗೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ತರಹದ ಚಪ್ಪಲಿ ತೋರಿಸಿತು. ಒಂದು ಜೊತೆಗೆ ಲಕ್ಷ ರೂಪಾಯಿಗೂ ಮೇಲೆ ಎಂದು ಪತ್ರಿಕೆಗಳು ಬರೆದವು. ಇಲ್ಲಿ ಗಲಾಟೆಯಾದ ಮೇಲೆ, ಇದಕ್ಕೆ ಮೂಲ ಭಾರತದ ಕುಶಲಕರ್ಮಿಗಳ ಕೆಲಸ ಎಂದು ಕಂಪನಿ ಒಪ್ಪಿಕೊಂಡಿತು.

"ಅಷ್ಟು ದೂರ ಯಾಕೆ?" ಎಂದು ಸರ್ ಇನ್ನೊಂದು ಊರಿನ ಹೆಸರು ಹೇಳಿದರು. ಪಾವಗಡದ ಗಡಿ ದಾಟಿದರೆ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ. ಅಲ್ಲಿ ಧರ್ಮಾವರಂ ಹತ್ತಿರ ನಿಮ್ಮಲಕುಂಟ ಎಂಬ ಹಳ್ಳಿ ಇದೆ. ಗೊಂಬೆಯಾಟ ನೋಡುವವರು ಕಡಿಮೆಯಾದಾಗ ಅಲ್ಲಿನ ಕಲಾವಿದರು ಅದೇ ಮೇಕೆ ತೊಗಲಿನಲ್ಲಿ ದೀಪದ ಶೇಡುಗಳನ್ನು, ಗೋಡೆಗೆ ಹಾಕುವ ಚಿತ್ರಗಳನ್ನು ಮಾಡತೊಡಗಿದರು. ಅವರಲ್ಲಿ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೇ ವಯಸ್ಸಿನಲ್ಲಿ, ಅದೇ ಪ್ರಶಸ್ತಿ ಬಂದಿದೆ.

ರಾತ್ರಿ ಹನ್ನೊಂದಕ್ಕೆ ಮನೆ ತಲುಪಿದೆ. ದಾದಾ ಮಲಗಿರಲಿಲ್ಲ. ಫೋನಿನಲ್ಲಿದ್ದ ಗೊಂಬೆಯ ಫೋಟೊ ದೊಡ್ಡದು ಮಾಡಿ ಕಣ್ಣಿನ ಹತ್ತಿರ ಹಿಡಿದೆ. ತುಂಬಾ ಹೊತ್ತು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ, ಯಾರ ಗೊಂಬೆ ಎಂದೂ ಕೇಳಲಿಲ್ಲ. "ಇತ್ತಾ ಪತ್ಲಾ ಕೌನ್ ಛೀಲ್ಯಾ ಬೇಟಿ?" ಎಂದರು. ಇಷ್ಟು ತೆಳ್ಳಗೆ ಯಾರು ಹೆರೆದರು ಮಗಳೇ ಎಂದು. ಆಮೇಲೆ ಹಾಸಿಗೆಯ ಮೇಲೆ ಕೂತು, ತಾವು ಹುಡುಗರಾಗಿದ್ದಾಗ ತಂಗಡಿ ತೊಗಟೆ ಗಾಡಿಗಳಲ್ಲಿ ಬರುತ್ತಿದ್ದುದು, ತೊಗಲನ್ನು ಬೆಳಕಿಗೆ ಹಿಡಿದು ತೂತು, ಸಿಡುಬಿನ ಕಲೆ ನೋಡುವುದನ್ನು ತಮ್ಮ ಅಬ್ಬಾ ಕಲಿಸಿದ್ದು, ಎಲ್ಲ ಹೇಳಿದರು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಮರುದಿನ ಉಪ್ಪು ತಾತನಿಗೂ ಫೋಟೊ ತೋರಿಸಿದೆ. "ಇದೇನ್ ದೊಡ್ಡದಲ್ಲ ಕಣವ್ವ, ಹೆರೆಯೋಕೆ ಕೈ ಹದ ಇರ್ಬೇಕು ಅಷ್ಟೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕರೆದು, ಇನ್ನೊಮ್ಮೆ ತೋರಿಸು ಎಂದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಅಬ್ಬಾ ಈಗಲೂ ಮಂಡಿ ಮುಚ್ಚುವ ಮಾತಾಡುತ್ತಾರೆ. ನಾನು ಲೆಕ್ಕ ಹಾಕಿ ನೋಡಿದ್ದೇನೆ, ಅವರ ಮಾತು ತಪ್ಪಲ್ಲ. ದೀಪದ ಶೇಡು ಮಾಡಿ ಮಂಡಿ ಉಳಿಸಬಹುದು ಎಂದು ಹೇಳಲು ನನ್ನ ಬಳಿ ಅಂಕಿ ಇಲ್ಲ. ಸಾವಿರಾರು ತೊಗಲು ಬರುವ ಕಡೆ ಹತ್ತು ಶೇಡು ಯಾವ ಮೂಲೆಗೆ? ಆದರೂ ಒಂದು ಮಾತು ಆಗಿದೆ. ಬರುವ ಬಕ್ರೀದಿಗೆ ಹತ್ತು ಒಳ್ಳೆಯ ತೊಗಲುಗಳಿಗೆ ಉಪ್ಪು ಹಾಕದೆ ತೆಗೆದಿಡಲು ದಾದಾ ಒಪ್ಪಿದ್ದಾರೆ. ಹೆರೆಯುವುದು ಉಪ್ಪು ತಾತ. ಖರ್ಚು, ಆದಾಯ ಬರೆಯುವುದು ನಾನು. ನಷ್ಟವಾದರೆ ನಷ್ಟ ಎಂದೇ ಬರೆಯುತ್ತೇನೆ.

ಮೊನ್ನೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಕಡೆ 'ತೊಗಲು ವ್ಯಾಪಾರ' ಎಂದು ಬರೆದೆ.

ಕೊನೆಗೆ, ಕುರ್ಬಾನಿ ಕೊಡುವ ಮನೆಗಳ ಗೆಳೆಯ ಗೆಳತಿಯರಲ್ಲಿ ಒಂದು ಮನವಿ. ಬರುವ ಹಬ್ಬಕ್ಕೆ ತೊಗಲು ಬಿಡಿಸುವಾಗ ಚಾಕು ತಗಲದ ಹಾಗೆ ನೋಡಿಕೊಳ್ಳಲು ಮನೆಯಲ್ಲಿ ಹೇಳಿ. ಒಂದು ತೂತು ಬಿದ್ದರೂ ಬೆಲೆ ಇಳಿಯುತ್ತದೆ. ಬಿಡಿಸಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿನಲ್ಲಿ ಇಡಬೇಡಿ. ನೆರಳಿನಲ್ಲಿ ಹರಡಿ, ಸಂಜೆಯವರೆಗೆ ಕಾಯದೆ ಮದ್ರಸಾಕ್ಕೆ ತಲುಪಿಸಿ. ನೀವು ಕೊಡುವುದು ದಾನ. ಅದು ಗುಂಡಿಗೆ ಹೋಗದೆ ಒಂದು ಮಗುವಿನ ಊಟಕ್ಕೆ ಹೋಗಲಿ.